ವಿಜಯಪುರದ ಮನೆಗೆ ಬೆಳಗಾವಿಯಿಂದ ಒಂದು ಸುರಂಗ

ದೀಪಾವಳಿಗೆ ಊರಿಗೆ ಹೋದಾಗ ಮನೆಯ ಕ್ಯಾಮೆರಾ ದೃಶ್ಯ ಮುದ್ರಿಸಿಡುವ ಯಂತ್ರವಾದ ಡಿವಿಆರ್‌ನ ಲಾಗ್ (ಯಾರು ಯಾವಾಗ ಒಳಗೆ ಬರಲು ನೋಡಿದರು ಅನ್ನೋ ದಾಖಲೆ) ತೆರೆದು ನೋಡಿದೆ. ಬೇರೆ ಕೆಲಸ ಇರಲಿಲ್ಲ, ಸುಮ್ನೆ. ರಾತ್ರಿ 3 ಗಂಟೆ 12 ನಿಮಿಷಕ್ಕೆ ಲಾಗಿನ್ ವಿಫಲ. ನಾಲ್ಕು ಸೆಕೆಂಡ್ ಬಿಟ್ಟು ಮತ್ತೆ ವಿಫಲ. ಮತ್ತೆ. ಪುಟದ ಮೇಲೆ ಪುಟ ಇದೇ. ಆ ಹೊತ್ತಿಗೆ ಮನೆಯಲ್ಲಿ ಯಾರೂ ಎದ್ದಿರುವುದಿಲ್ಲ. ಅಪ್ಪನಿಗಂತೂ ಡಿವಿಆರ್‌ಗೆ ಪಾಸ್‌ವರ್ಡ್ ಇದೆ ಅನ್ನೋದೇ ಗೊತ್ತಿಲ್ಲ.

ಕಾರಣ ಬೇಗ ಸಿಕ್ಕಿತು. ಕ್ಯಾಮೆರಾ ಕೂಡಿಸಲು ಬಂದಿದ್ದ ಹುಡುಗ "ಮೊಬೈಲ್‌ನ್ಯಾಗ ಎಲ್ಲಿಂದಾದ್ರೂ ಕಾಣ್ತೈತ್ರಿ" ಅಂತ ಹೇಳಿ, ರೂಟರ್‌ನಲ್ಲಿ ಒಂದು ಪೋರ್ಟ್, ಅಂದರೆ ಹೊರಗಿನಿಂದ ಒಳಗೆ ಬರುವ ನಂಬರ್ ಇರುವ ಬಾಗಿಲು, ತೆರೆದಿಟ್ಟು ಹೋಗಿದ್ದ. ಅವನು ಹೇಳಿದ್ದು ಸುಳ್ಳಲ್ಲ. ಎಲ್ಲಿಂದಾದರೂ ಕಾಣುತ್ತಿತ್ತು, ಯಾರಿಗೆ ಬೇಕಾದರೂ.

ನಾನು ಕೆಲಸಕ್ಕೆ ಇರುವುದು ಬೆಳಗಾವಿಯಲ್ಲಿ. ಮನೆ ಇರುವುದು ವಿಜಯಪುರದ ಆಶ್ರಮ ರಸ್ತೆಯಲ್ಲಿ, ಇನ್ನೂರು ಕಿಲೋಮೀಟರ್ ಆಚೆ. ಕ್ಯಾಮೆರಾ ನನಗೂ ಬೇಕು. ಹೊಲದ ಉತಾರ, ಹಳೆ ಫೋಟೊ ಎಲ್ಲ ಸ್ಕ್ಯಾನ್ ಮಾಡಿಟ್ಟ ಕಂಪ್ಯೂಟರ್ ಮನೆಯಲ್ಲಿದೆ, ಅದೂ ಬೇಕು. ಅಪ್ಪ "ನೆಟ್ ಬರವಲ್ದು ತಮ್ಮಾ" ಅಂದಾಗ ರೂಟರ್‌ನ ಸೆಟ್ಟಿಂಗ್ಸ್ ಪುಟ ಬೇಕು. ಒಂದೊಂದಕ್ಕೂ ಒಂದೊಂದು ಪೋರ್ಟ್ ತೆರೆಯುತ್ತಾ ಹೋದರೆ ಮನೆ ಜರಡಿಯಾಗುತ್ತದೆ. ಅದಕ್ಕೇ ಎಲ್ಲ ಮುಚ್ಚಿ, ನಮ್ಮದೇ ಒಂದು ವಿಪಿಎನ್, ಅಂದರೆ ಇಂಟರ್ನೆಟ್ ಒಳಗೇ ನಮಗಷ್ಟೇ ಇರುವ ಒಂದು ಸುರಂಗ, ಹಾಕಿದೆ. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲೆಲ್ಲಿ ಎಡವಿದೆ ಅನ್ನೋದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಗೊಂದಲ ತೆಗೆಯೋಣ. ವಿಡಿಯೊಗಳ ನಡುವೆ ಜಾಹೀರಾತು ಬರುತ್ತದಲ್ಲ, ಆ ವಿಪಿಎನ್ ನಿಮ್ಮನ್ನು ಬೇರೆ ಊರಲ್ಲೋ ಬೇರೆ ದೇಶದಲ್ಲೋ ಕೂತವರಂತೆ ತೋರಿಸುತ್ತದೆ. ನಾನು ಹೇಳುತ್ತಿರುವುದು ಅದರ ಉಲ್ಟಾ. ನೀವು ಎಲ್ಲೇ ಇರಿ, ನಿಮ್ಮ ಫೋನನ್ನು ನಿಮ್ಮ ಮನೆಯ ವೈಫೈನಲ್ಲೇ ಕೂರಿಸುವ ವಿಪಿಎನ್ ಇದು. ತಿಂಗಳ ಬಾಡಿಗೆ ಇಲ್ಲ, ಮಧ್ಯೆ ಕಂಪನಿ ಇಲ್ಲ. ಇದು ಕಾನೂನಿಗೆ ವಿರುದ್ಧವೇ ಅಂತ ಗೆಳೆಯನೊಬ್ಬ ಕೇಳಿದ. ಅಲ್ಲ. ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು ಎಂದು 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನ ಇದೆಯಲ್ಲ, ಅದು ಬೇರೆಯವರಿಗೆ ವಿಪಿಎನ್ ಸೇವೆ ಕೊಡುವವರನ್ನು ಕುರಿತದ್ದು. ನಮ್ಮ ಮನೆಗೆ ನಾವು ಹೋಗುವುದು ಆ ವ್ಯಾಪಾರ ಅಲ್ಲ.

ಸುರಂಗ ಅಂದರೆ ಏನು ಅಂತ ವಿಜಯಪುರದವರಿಗೆ ಹೇಳಬೇಕಾಗಿಲ್ಲ. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ಊರಿಗೆ ನೆಲದಡಿಯ ಕಾಲುವೆಯಲ್ಲಿ ನೀರು ತಂದಿದ್ದರು. ಸುರಂಗ ಬಾವಡಿ ಇವತ್ತಿಗೂ ಇದೆ. ಮೇಲೆ ನಡೆದಾಡುವವನಿಗೆ ಕೆಳಗೆ ಹರಿಯುವ ನೀರು ಕಾಣುವುದಿಲ್ಲ. ವಿಪಿಎನ್ ಸುರಂಗವೂ ಹಾಗೇ, ಒಂದೇ ಒಂದು ವ್ಯತ್ಯಾಸ. ನಿಮ್ಮ ನೆಟ್ ಕಂಪನಿಗೆ ಸುರಂಗ ಇದೆ ಅನ್ನೋದು ಗೊತ್ತಾಗುತ್ತದೆ, ಎಷ್ಟು ಹರಿಯಿತು ಅನ್ನೋದೂ ಗೊತ್ತಾಗುತ್ತದೆ. ಏನು ಹರಿಯಿತು ಅನ್ನೋದು ಮಾತ್ರ ಗೊತ್ತಾಗುವುದಿಲ್ಲ.

ತಲಬಾಗಿಲು ಮತ್ತು ಖೋಲಿಗಳು

ನಮ್ಮ ಕಡೆಯ ಹಳೆ ವಾಡೆಗಳನ್ನು ನೆನಪಿಸಿಕೊಳ್ಳಿ. ಬೀದಿಗೆ ಒಂದೇ ತಲಬಾಗಿಲು, ಒಳಗೆ ಹತ್ತು ಖೋಲಿ. ನಿಮ್ಮ ರೂಟರ್ ಆ ತಲಬಾಗಿಲು. ಫೋನ್, ಟಿವಿ, ಡಿವಿಆರ್ ಎಲ್ಲ ಒಳಗಿನ ಖೋಲಿಗಳು. ಖೋಲಿಗಳಿಗೆ 192.168.1.5, 192.168.1.20 ಅಂತ ನಂಬರ್ ಇರುತ್ತದೆ. ಈ ನಂಬರ್ ಒಳಗಷ್ಟೇ ನಡೆಯುತ್ತದೆ. ಪಕ್ಕದ ಮನೆಯಲ್ಲೂ ಇದೇ ನಂಬರ್, ಬಾಗಲಕೋಟೆಯ ಸೋದರಮಾವನ ಮನೆಯಲ್ಲೂ ಇದೇ ನಂಬರ್. ಹೊರಗಿನವರಿಗೆ ಗೊತ್ತಿರುವುದು ತಲಬಾಗಿಲಿನ ವಿಳಾಸ ಒಂದೇ. ಅದನ್ನು ನೆಟ್ ಕಂಪನಿ ಕೊಟ್ಟಿರುತ್ತದೆ, ಅದಕ್ಕೆ ಪಬ್ಲಿಕ್ ಐಪಿ ಅನ್ನುತ್ತಾರೆ.

ಒಳಗಿನವರು ಹೊರಗೆ ಏನಾದರೂ ಕೇಳಿದರೆ ರೂಟರ್ ಅದನ್ನು ಬರೆದಿಟ್ಟುಕೊಳ್ಳುತ್ತದೆ, ಉತ್ತರ ಬಂದಾಗ ಆ ಖೋಲಿಗೇ ಕಳಿಸುತ್ತದೆ. ಯಾರೂ ಕರೆಯದೆ ಹೊರಗಿನವನು ಬಂದರೆ ಅವನನ್ನು ಯಾವ ಖೋಲಿಗೆ ಕಳಿಸಬೇಕು ಅಂತ ರೂಟರ್‌ಗೆ ಗೊತ್ತಿಲ್ಲ. ಅಲ್ಲೇ ಬಿಡುತ್ತದೆ. ಪೋರ್ಟ್ ಫಾರ್ವರ್ಡಿಂಗ್ ಅಂದರೆ ರೂಟರ್‌ಗೆ ನೀವು ಕೊಡುವ ಅಪ್ಪಣೆ: ಇಂಥ ನಂಬರ್ ಕೇಳಿಕೊಂಡು ಯಾರೇ ಬರಲಿ, ನೇರ ಡಿವಿಆರ್ ಖೋಲಿಗೆ ಬಿಡು.

ಹೀಗೆ ತೆರೆದ ಬಾಗಿಲುಗಳನ್ನು ಹುಡುಕುವುದನ್ನೇ ಕೆಲಸ ಮಾಡಿಕೊಂಡ ಯಂತ್ರಗಳು ಹಗಲೂ ರಾತ್ರಿ ಇಂಟರ್ನೆಟ್ ತಿರುಗುತ್ತಿರುತ್ತವೆ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೂಟರ್‌ಗಳ ಒಳಗೆ ಹೊಕ್ಕಿತು. ಅದರ ಹತ್ತಿರ ದೊಡ್ಡ ವಿದ್ಯೆ ಏನೂ ಇರಲಿಲ್ಲ. ಕಾರ್ಖಾನೆಯಿಂದ ಬಂದಾಗಲೇ ಇರುವ ಯೂಸರ್‌ನೇಮ್, ಪಾಸ್‌ವರ್ಡ್‌ಗಳ ಅರವತ್ತು ಚಿಲ್ಲರೆ ಜೋಡಿಗಳ ಪಟ್ಟಿ ಇಟ್ಟುಕೊಂಡು ಒಂದೊಂದೇ ಹಾಕಿ ನೋಡುತ್ತಿತ್ತು. ಆ ವರ್ಷ ಅಕ್ಟೋಬರ್‌ನಲ್ಲಿ ಆ ಸಾಧನಗಳೆಲ್ಲ ಸೇರಿ ಡೈನ್ ಎಂಬ ಡಿಎನ್ಎಸ್ (ತಾಣದ ಹೆಸರು ಕೇಳಿ ಅದರ ಐಪಿ ವಿಳಾಸ ಹೇಳುವ) ಕಂಪನಿಯ ಮೇಲೆ ಬಿದ್ದವು. ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಎಷ್ಟೋ ಜನರಿಗೆ ಸಿಗಲಿಲ್ಲ. ಯಾರದೋ ಮನೆ ಮೂಲೆಯ ಡಿವಿಆರ್ ಅದರಲ್ಲಿ ಸೈನಿಕ.

ಇಲ್ಲಿ ಒಂದು ಪ್ರಶ್ನೆ ಬರಬೇಕು. ವಿಪಿಎನ್‌ಗೂ ಒಂದು ಪೋರ್ಟ್ ತೆರೆಯಲೇಬೇಕಲ್ವಾ? ಹೌದು, ತೆರೆಯಬೇಕು. ಹಾಗಾದರೆ ಏನು ಸಾಧಿಸಿದ ಹಾಗಾಯಿತು? ವ್ಯತ್ಯಾಸ ಇರುವುದು ಬಾಗಿಲಲ್ಲಿ ನಿಂತವನಲ್ಲಿ. ಡಿವಿಆರ್ ಯಾರು ತಟ್ಟಿದರೂ "ಯಾರು, ಪಾಸ್‌ವರ್ಡ್ ಹೇಳಿ" ಎಂದು ಮಾತಿಗೆ ನಿಲ್ಲುತ್ತದೆ. ಮಾತಿಗೆ ನಿಂತವನನ್ನು ಮರುಳು ಮಾಡಬಹುದು. ನಾನು ಹಾಕಿದ ವಿಪಿಎನ್ ತಂತ್ರಾಂಶ ವೈರ್‌ಗಾರ್ಡ್ ಹಾಗಲ್ಲ. ತಟ್ಟಿದ ರೀತಿಯಲ್ಲೇ ಸರಿಯಾದ ಗುರುತು ಇರಬೇಕು. ಇಲ್ಲದಿದ್ದರೆ ಅದು ತುಟಿ ಬಿಚ್ಚುವುದಿಲ್ಲ. "ನೀನು ತಪ್ಪು" ಅಂತಲೂ ಹೇಳುವುದಿಲ್ಲ. ಹೊರಗಿನವನಿಗೆ ಅಲ್ಲಿ ಬಾಗಿಲು ಇದೆ ಅನ್ನೋದೇ ತಿಳಿಯುವುದಿಲ್ಲ.

ವೈರ್‌ಗಾರ್ಡ್ ಬರೆದವರು ಜೇಸನ್ ಡೊನೆನ್‌ಫೆಲ್ಡ್. 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6ರಿಂದ ಅದು ಆ ಆಪರೇಟಿಂಗ್ ಸಿಸ್ಟಂನ ತಿರುಳಾದ ಲಿನಕ್ಸ್ ಕರ್ನಲ್‌ನ ಭಾಗವೇ ಆಗಿದೆ. ಅದರ ಮೂಲ ಕೋಡ್ ಸುಮಾರು 4,000 ಸಾಲು. ಹಳೆಯ ಓಪನ್‌ವಿಪಿಎನ್ ಕೂಡ ಒಳ್ಳೆಯದೇ, ಈಗಲೂ ಬಹಳ ಕಡೆ ನಡೆಯುತ್ತದೆ. ಆದರೆ ಹೊಸದಾಗಿ ಶುರು ಮಾಡುವವರು ಅದರ ಸರ್ಟಿಫಿಕೇಟುಗಳ ಗೋಜಿಗೆ ಹೋಗುವುದು ಬೇಡ ಅನ್ನೋದು ನನ್ನ ಮಾತು.

ಕೀಲಿ ಕೊಡಿ, ಕೀಲಿಕೈ ಕೊಡಬೇಡಿ

ವೈರ್‌ಗಾರ್ಡ್‌ನಲ್ಲಿ ಯೂಸರ್‌ನೇಮ್ ಇಲ್ಲ, ಪಾಸ್‌ವರ್ಡ್ ಇಲ್ಲ. ಪ್ರತಿ ಸಾಧನಕ್ಕೂ ಒಂದು ಜೋಡಿ ಕೀ ಇರುತ್ತದೆ, ಪಬ್ಲಿಕ್ ಒಂದು, ಪ್ರೈವೇಟ್ ಒಂದು. ಇದನ್ನು ಅರ್ಥ ಮಾಡಿಸಲು ಬೆಂಗಳೂರು ಕನ್ನಡದಲ್ಲಿ ಕಷ್ಟ, ನಮ್ಮ ಕನ್ನಡದಲ್ಲಿ ಸಲೀಸು. ಬೀಗಕ್ಕೆ ನಾವು ಕೀಲಿ ಅನ್ನುತ್ತೇವೆ, ಅದನ್ನು ತೆಗೆಯುವುದಕ್ಕೆ ಕೀಲಿಕೈ. ಪಬ್ಲಿಕ್ ಕೀ ಅಂದರೆ ಕೀಲಿ. ಅದನ್ನು ಯಾರಿಗೆ ಬೇಕಾದರೂ ಕೊಡಿ, ನಷ್ಟ ಇಲ್ಲ. ಪ್ರೈವೇಟ್ ಕೀ ಅಂದರೆ ಕೀಲಿಕೈ. ಅದು ಹುಟ್ಟಿದ ಸಾಧನ ಬಿಟ್ಟು ಆಚೆ ಹೋಗಬಾರದು. ಮನೆಯ ಪೆಟ್ಟಿಗೆಗೆ ನನ್ನ ಫೋನಿನ ಕೀಲಿ ಗೊತ್ತು, ನನ್ನ ಫೋನಿಗೆ ಮನೆಯ ಕೀಲಿ ಗೊತ್ತು. ಅಷ್ಟೇ ಪರಿಚಯ, ಅಷ್ಟು ಸಾಕು. ಎರಡೂ ನೋಡಲು 44 ಅಕ್ಷರಗಳ ಅರ್ಥವಿಲ್ಲದ ಸಾಲುಗಳು, ಒಂದೇ ಥರ ಕಾಣುತ್ತವೆ. ಹಾಗಾಗಿ ಒಂದರ ಜಾಗದಲ್ಲಿ ಇನ್ನೊಂದನ್ನು ಅಂಟಿಸುವುದು ಎಲ್ಲರೂ ಮಾಡುವ ತಪ್ಪು. ನಾನೂ ಮಾಡಿದೆ.

ಪೆಟ್ಟಿಗೆ ಅಂದೆನಲ್ಲ, ಅದು ಒಂದು ರಾಸ್ಪ್‌ಬೆರಿ ಪೈ. ಅಂಗೈಯಗಲದ ಕಂಪ್ಯೂಟರ್, ದಿನವಿಡೀ ಉರಿದರೂ ಕರೆಂಟ್ ಬಿಲ್‌ನಲ್ಲಿ ಕಾಣುವುದಿಲ್ಲ. ಹಳೆ ಲ್ಯಾಪ್‌ಟಾಪ್ ಇದ್ದರೆ ಅದೂ ನಡೆಯುತ್ತದೆ, ಅದರಲ್ಲಿ ಬ್ಯಾಟರಿ ಪುಕ್ಕಟೆ. ಕೆಲವು ರೂಟರ್‌ಗಳಲ್ಲಿ ವೈರ್‌ಗಾರ್ಡ್ ಒಳಗೇ ಇರುತ್ತದೆ, ಹಾಗಿದ್ದರೆ ಬೇರೆ ಪೆಟ್ಟಿಗೆಯೇ ಬೇಡ.

ಕೆಲಸದ ಕ್ರಮ ಹೀಗೆ. ಪೈಗೆ ರೂಟರ್‌ನಲ್ಲಿ ಒಂದು ಕಾಯಂ ಖೋಲಿ ನಂಬರ್ ಕೊಡಬೇಕು. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಅದು ಬೇರೆ ಖೋಲಿ ಹಿಡಿದು ಕೂರುತ್ತದೆ. ರೂಟರ್‌ನಲ್ಲಿ 51820 ಎಂಬ ಯುಡಿಪಿ ಪೋರ್ಟ್ ಒಂದನ್ನೇ ಪೈ ಕಡೆ ತಿರುಗಿಸಬೇಕು. ಯುಡಿಪಿ, ಟಿಸಿಪಿ ಅಂದರೆ ಮಾತು ಸಾಗಿಸುವ ಎರಡು ವಿಧಾನ. ಟಿಸಿಪಿ ಆರಿಸಿದರೆ ಸುರಂಗ ನಡೆಯುವುದಿಲ್ಲ, ನೆನಪಿರಲಿ. ಪೈನಲ್ಲಿ ವೈರ್‌ಗಾರ್ಡ್ ಹಾಕಿ, ಸುರಂಗದೊಳಗೆ ಓಡಾಡಲು ಬೇರೆಯದೇ ನಂಬರ್ ಹಂಚಬೇಕು. ನಮ್ಮಲ್ಲಿ ಪೈಗೆ 10.8.0.1, ನನ್ನ ಫೋನಿಗೆ 10.8.0.2, ಲ್ಯಾಪ್‌ಟಾಪ್‌ಗೆ 10.8.0.3. ಕೊನೆಗೆ ಲಿನಕ್ಸ್‌ನಲ್ಲಿ ಐಪಿ ಫಾರ್ವರ್ಡಿಂಗ್ (ಒಂದು ಕಡೆಯಿಂದ ಬಂದದ್ದನ್ನು ಇನ್ನೊಂದು ಕಡೆ ದಾಟಿಸುವ ಸೆಟ್ಟಿಂಗ್) ಆನ್ ಮಾಡಿ, ಹೊರಗಿಂದ ಬಂದವರು ಪೈ ಹೆಸರಲ್ಲೇ ಮನೆಯೊಳಗೆ ಓಡಾಡುವಂತೆ ವಿಳಾಸ ಬದಲಿಸಿ ಕಳಿಸುವ ವಿದ್ಯೆಯಾದ ನ್ಯಾಟ್‌ನ ಒಂದು ಸಾಲು ಸೇರಿಸಬೇಕು. ಇದನ್ನು ಮರೆತರೆ ತಲಬಾಗಿಲು ದಾಟಿ ಪಡಸಾಲೆಯಲ್ಲೇ ನಿಂತಿರುತ್ತೀರಿ, ಪೈ ಮಾತ್ರ ಸಿಗುತ್ತದೆ, ಡಿವಿಆರ್ ಸಿಗುವುದಿಲ್ಲ.

ಇಷ್ಟೆಲ್ಲ ಟೈಪ್ ಮಾಡಲು ಬೇಸರವಾದರೆ ಡಬ್ಲ್ಯೂಜಿ-ಈಸಿ ಎಂಬ ತಂತ್ರಾಂಶ ಇದೆ. ವೆಬ್ ಪುಟದಲ್ಲೇ ಎಲ್ಲ ಮಾಡಿ ಕ್ಯೂಆರ್ ಕೋಡ್ ಕೊಡುತ್ತದೆ. ಫೋನಿನ ವೈರ್‌ಗಾರ್ಡ್ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಮುಗಿಯಿತು. ಆದರೆ ಆ ಕ್ಯೂಆರ್ ಕೋಡ್ ಒಳಗೆ ಕೀಲಿಕೈಯೇ ಇರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ತಮ್ಮನಿಗೆ ಕಳಿಸುವ ಚಿತ್ರ ಅಲ್ಲ ಅದು.

ಒಂದೇ ನಂಬರಿನ ಎರಡು ಮನೆ

ಬೆಳಗಾವಿಗೆ ವಾಪಸ್ ಬಂದೆ. ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆದು ಸುರಂಗ ಆನ್ ಮಾಡಿದೆ. ಸಂಪರ್ಕ ಆಯಿತು. ಖುಷಿಯಿಂದ ಡಿವಿಆರ್‌ನ 192.168.1.20 ಹೊಡೆದೆ. ತೆರೆದದ್ದು ಒಂದು ಪ್ರಿಂಟರ್‌ನ ಪುಟ. ನಮ್ಮ ಮನೆಯಲ್ಲಿ ಪ್ರಿಂಟರೇ ಇಲ್ಲ! ಮುಚ್ಚಿ ಮತ್ತೆ ತೆರೆದೆ. ಅದೇ ಪ್ರಿಂಟರ್, ಕಪ್ಪು ಇಂಕ್ ಕಡಿಮೆ ಇದೆ ಅಂತ ಬೇರೆ ಹೇಳುತ್ತಿದೆ.

ಅರ್ಧ ಗಂಟೆ ಆದ ಮೇಲೆ ಹೊಳೆಯಿತು. ಅದು ಕೆಳಗಿನ ಮನೆಯ ಮಾಲೀಕರ ಪ್ರಿಂಟರ್. ನನಗೆ ಅವರದೇ ವೈಫೈ. ಅವರ ಮನೆಯ ಖೋಲಿಗಳೂ 192.168.1ರಿಂದ ಶುರು, ನಮ್ಮ ಮನೆಯವೂ ಅದೇ. ಲ್ಯಾಪ್‌ಟಾಪ್ ಪಾಪ ಏನು ಮಾಡೀತು? ಕೈಗೆ ಸಿಗುವ ಹತ್ತಿರದ ಮನೆಗೆ ಹೋಯಿತು. ಮುಂದಿನ ಸಲ ಊರಿಗೆ ಹೋದಾಗ ನಮ್ಮ ಮನೆಯ ಸರಣಿಯನ್ನೇ 192.168.47ಕ್ಕೆ ಬದಲಿಸಿದೆ. ಡಿವಿಆರ್, ಕ್ಯಾಮೆರಾ, ಪೈ ಎಲ್ಲದರ ನಂಬರ್ ಮತ್ತೆ ಕೂಡಿಸಬೇಕಾಯಿತು, ಒಂದು ಮಧ್ಯಾಹ್ನ ಹೋಯಿತು. ನೀವು ಇದನ್ನು ಮೊದಲ ದಿನವೇ ಮಾಡಿ. 192.168.0 ಮತ್ತು 192.168.1 ಎರಡನ್ನೂ ಬಿಟ್ಟು ಯಾರೂ ಆರಿಸದ ಒಂದು ನಂಬರ್ ಹಿಡಿಯಿರಿ.

ಈ ಜಾಗದಲ್ಲೇ ವೈರ್‌ಗಾರ್ಡ್ ಸೆಟ್ಟಿಂಗ್ಸ್‌ನ 'ಅಲೋಡ್ ಐಪಿಸ್' ಎಂಬ ಸಾಲು ಅರ್ಥವಾಗುತ್ತದೆ. ಹೆಸರು ನೋಡಿ ಇದು ಯಾರಿಗೆ ಪ್ರವೇಶ ಅಂತ ಹೇಳುವ ಪಟ್ಟಿ ಅಂದುಕೊಳ್ಳುತ್ತೇವೆ. ಅರ್ಧ ಸರಿ. ಪೈನಲ್ಲಿ ಅದರ ಅರ್ಥ, ಈ ಕೀಲಿಯವನು ಈ ನಂಬರಿನಿಂದಷ್ಟೇ ಮಾತಾಡಬೇಕು. ಫೋನಿನಲ್ಲಿ ಅದರ ಅರ್ಥ, ಈ ನಂಬರುಗಳಿಗೆ ಹೋಗುವ ಮಾತನ್ನು ಮಾತ್ರ ಸುರಂಗಕ್ಕೆ ಹಾಕು. ನನ್ನ ಫೋನಿನಲ್ಲಿ ಮನೆಯ 192.168.47 ಸರಣಿ ಮತ್ತು ಸುರಂಗದ 10.8.0 ಸರಣಿ ಎರಡೇ ಇವೆ. ಯೂಟ್ಯೂಬ್ ನೋಡಿದರೆ ಅದು ಬೆಳಗಾವಿಯಿಂದಲೇ ಬರುತ್ತದೆ. ಅದರ ಬದಲು 0.0.0.0/0 (ಅಂದರೆ ಎಲ್ಲ ವಿಳಾಸ) ಬರೆದರೆ ಫೋನಿನ ಇಂಟರ್ನೆಟ್ ಎಲ್ಲ ವಿಜಯಪುರಕ್ಕೆ ಹೋಗಿ ಬರುತ್ತದೆ. ಲಾಡ್ಜ್‌ನ ವೈಫೈ, ರೈಲ್ವೆ ಸ್ಟೇಷನ್ನಿನ ವೈಫೈ ಹಿಡಿದಾಗ ಇದು ಒಳ್ಳೆಯದು. ನಾನು ಎರಡೂ ಥರದ್ದನ್ನು ಬೇರೆ ಬೇರೆ ಹೆಸರಲ್ಲಿ ಉಳಿಸಿಟ್ಟಿದ್ದೇನೆ. ಕೆಲವು ಬ್ಯಾಂಕ್ ಆ್ಯಪ್‌ಗಳು ವಿಪಿಎನ್ ಆನ್ ಇದ್ದರೆ ಮುನಿಸಿಕೊಳ್ಳುತ್ತವೆ, ಆಗ ಎರಡು ನಿಮಿಷ ಆಫ್ ಮಾಡುವುದು.

ವೇಗದ ಬಗ್ಗೆ ಒಂದೇ ಮಾತು. ಹೊರಗಿಂದ ಕ್ಯಾಮೆರಾ ನೋಡುವಾಗ ಲೆಕ್ಕಕ್ಕೆ ಬರುವುದು ಮನೆಯ ಅಪ್‌ಲೋಡ್ ವೇಗ, ಡೌನ್‌ಲೋಡ್ ಅಲ್ಲ.

ಅಗಸಿ ಕೀಲಿಕೈ ಯಾರ ಹತ್ತಿರ?

ಇಷ್ಟು ಕೇಳಿ ತಿಕೋಟಾದ ಕಾಕಾ ತಮ್ಮ ಒಣದ್ರಾಕ್ಷಿ ಶೆಡ್ಡಿಗೂ ಇದನ್ನೇ ಹಾಕು ಅಂದರು. ಫೆಬ್ರುವರಿಯಿಂದ ಏಪ್ರಿಲ್ ತನಕ ಬಲೆಯ ಮೇಲೆ ಹರಡಿದ ದ್ರಾಕ್ಷಿ ಅಲ್ಲಿ ಒಣಗುತ್ತಿರುತ್ತದೆ. ಆ ದಿನಗಳಲ್ಲಿ ಮಳೆ ಬಂದರೆ ವರ್ಷದ ದುಡಿಮೆ ಹೋಯಿತು. "ಮಂದಿ ಬ್ಯಾಡ, ಮುಗಿಲು ಹೆಂಗೈತಿ ಅಷ್ಟು ಕಂಡ್ರ ಸಾಕು" ಅಂದರು. ಶೆಡ್ಡಿನಲ್ಲಿ ಇರುವುದು ಸಿಮ್ ಹಾಕುವ 4ಜಿ ರೂಟರ್. ಅಲ್ಲಿ ಪೋರ್ಟ್ ತೆರೆದೆ. ಏನು ಮಾಡಿದರೂ ಹೊರಗಿಂದ ಸಿಗಲಿಲ್ಲ.

ಇದು ಇಡೀ ವಿಷಯದ ಗಂಟು. ಬಹಳ ಜನ ವಾರಗಟ್ಟಲೆ ವೈರ್‌ಗಾರ್ಡ್ ತಿದ್ದುತ್ತಾ ಕೂರುತ್ತಾರೆ, ತಪ್ಪು ಇರುವುದು ಅಲ್ಲಿ ಅಲ್ಲ. ಆದ್ದರಿಂದ ಯಾವ ಸಾಮಾನು ಕೊಳ್ಳುವುದಕ್ಕೂ ಮೊದಲು ಈ ಪರೀಕ್ಷೆ ಮಾಡಿ. ರೂಟರ್‌ನ ಪುಟದಲ್ಲಿ ವ್ಯಾನ್ ಐಪಿ (ರೂಟರ್‌ಗೆ ನೆಟ್ ಕಂಪನಿಯಿಂದ ಸಿಕ್ಕ ವಿಳಾಸ) ಅಂತ ಇರುತ್ತದೆ, ಅದನ್ನು ಬರೆದುಕೊಳ್ಳಿ. ನಿಮ್ಮ ಐಪಿ ಯಾವುದು ಅಂತ ತೋರಿಸುವ ಯಾವುದಾದರೂ ವೆಬ್‌ಸೈಟ್ ತೆರೆಯಿರಿ. ಎರಡೂ ಒಂದೇ ಆದರೆ ನಿಮಗೆ ಸ್ವಂತ ತಲಬಾಗಿಲು ಇದೆ. ಬೇರೆ ಬೇರೆ ಆದರೆ ಇಲ್ಲ. ರೂಟರ್‌ನಲ್ಲಿ 100.64ರಿಂದ 100.127ರ ಒಳಗಿನ ನಂಬರ್ ಕಂಡರೆ ನೀವು ಇರುವುದು ಸಿಜಿನ್ಯಾಟ್, ಅಂದರೆ ನೆಟ್ ಕಂಪನಿಯೇ ನಡೆಸುವ ದೊಡ್ಡ ನ್ಯಾಟ್ ಹಿಂದೆ.

ಐಪಿ ವಿಳಾಸಗಳ ಹಳೆಯ ಪದ್ಧತಿಯಾದ ಐಪಿವಿ4ನಲ್ಲಿ ಒಟ್ಟು ವಿಳಾಸ ಸುಮಾರು 429 ಕೋಟಿ. 2011ರ ಫೆಬ್ರುವರಿಯಲ್ಲೇ ಜಾಗತಿಕ ದಾಸ್ತಾನು ಖಾಲಿಯಾಯಿತು. ಮನೆಗೊಂದು ವಿಳಾಸ ಕೊಡಲು ಆಗದೆ ನೆಟ್ ಕಂಪನಿಗಳು ಬಹಳಷ್ಟು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಿದವು. ಅದಕ್ಕೆಂದೇ 2012ರಲ್ಲಿ 100.64ರ ಸರಣಿಯನ್ನು ಮೀಸಲಿಟ್ಟರು. ನಿಮ್ಮ ವಾಡೆಯ ತಲಬಾಗಿಲಿನ ಆಚೆ ಊರ ಅಗಸಿ (ಹೆಬ್ಬಾಗಿಲು) ಇದ್ದ ಹಾಗೆ ಇದು. ತಲಬಾಗಿಲು ನೀವು ತೆರೆದಿಟ್ಟರೂ ಅಗಸಿ ಮುಚ್ಚಿದೆ, ಅದರ ಕೀಲಿಕೈ ನಿಮ್ಮ ಹತ್ತಿರ ಇಲ್ಲ.

ದಾರಿಗಳು ಇವೆ. ನೆಟ್ ಕಂಪನಿಗೆ ಹೆಚ್ಚು ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ ಕೇಳಬಹುದು. ವಿಳಾಸಗಳ ಹೊಸ ಪದ್ಧತಿ ಐಪಿವಿ6 ಇದ್ದರೆ ಅದರಲ್ಲಿ ನೇರ ಹೋಗಬಹುದು, ಆದರೆ ನೀವಿರುವ ಕಡೆಯೂ ಐಪಿವಿ6 ಇರಬೇಕು. ಟೈಲ್‌ಸ್ಕೇಲ್ ಹಾಕಿದರೆ ಹತ್ತು ನಿಮಿಷದ ಕೆಲಸ. ಅದೂ ವೈರ್‌ಗಾರ್ಡ್ ಮೇಲೆಯೇ ನಿಂತದ್ದು, ಆದರೆ ಯಾರು ಯಾರನ್ನು ಸೇರಬೇಕು ಅನ್ನೋ ಪಟ್ಟಿ ಅವರ ಸರ್ವರ್‌ನಲ್ಲಿ ಇರುತ್ತದೆ. ಅದಕ್ಕೆ ನಿಮ್ಮ ತಕರಾರು ಇಲ್ಲದಿದ್ದರೆ ಧಾರಾಳವಾಗಿ ಹಾಕಿ, ಅದರಲ್ಲಿ ಸಣ್ಣತನ ಏನೂ ಇಲ್ಲ. ತಿಂಗಳಿಗಿಷ್ಟು ಅಂತ ಕೊಟ್ಟು ಹೊರಗೆ ಒಂದು ಸಣ್ಣ ವಿಪಿಎಸ್ (ಇಂಟರ್ನೆಟ್‌ನಲ್ಲಿ ಸದಾ ಸಿಗುವ ಬೇರೆಯವರ ಕಂಪ್ಯೂಟರ್) ಬಾಡಿಗೆ ಹಿಡಿದು, ಎರಡೂ ಕಡೆಯಿಂದ ಅಲ್ಲಿಗೆ ಬಂದು ಸೇರುವುದೂ ಉಂಟು.

ನಮಗೆ ಬಾಡಿಗೆ ಬೇಕಾಗಲಿಲ್ಲ. ಅಗಸಿ ಹೊರಗಿನವರನ್ನು ತಡೆಯುತ್ತದೆ, ಒಳಗಿನವರು ಹೊರಗೆ ಹೋಗುವುದನ್ನು ತಡೆಯುವುದಿಲ್ಲ. ಶೆಡ್ಡಿನಲ್ಲಿ ಇನ್ನೊಂದು ಪೈ ಇಟ್ಟೆ, ಅದೇ ವಿಜಯಪುರದ ಮನೆಗೆ ಸುರಂಗ ತೋಡುವಂತೆ ಮಾಡಿದೆ. ಶೆಡ್ ಮನೆಗೆ ಬರುತ್ತದೆ, ನಾನು ಬೆಳಗಾವಿಯಿಂದ ಮನೆಗೆ ಬರುತ್ತೇನೆ, ಪಡಸಾಲೆಯಲ್ಲಿ ಭೇಟಿ. ಸುಮ್ಮನಿದ್ದರೆ ಅಗಸಿಯವನು ಗುರುತು ಮರೆಯುತ್ತಾನೆ. ಅದಕ್ಕೆ 25 ಸೆಕೆಂಡಿಗೊಮ್ಮೆ "ಇದ್ದೀನಿ" ಅಂತ ಕೂಗುವ ಕೀಪ್‌ಅಲೈವ್ ಸಾಲು ಶೆಡ್ಡಿನ ಕಡೆ ಬೇಕೇ ಬೇಕು.

ಎರಡು ಸೂಕ್ಷ್ಮ ಇಲ್ಲೇ ಕಲಿತೆ. ಮನೆಯ ಪಬ್ಲಿಕ್ ಐಪಿ ಕಾಯಂ ಅಲ್ಲ, ರೂಟರ್ ಆಫ್ ಆಗಿ ಬಂದರೆ ಬದಲಾಗಬಹುದು. ಅದಕ್ಕಾಗಿ ಬದಲಾಗುವ ಐಪಿಗೆ ಕಾಯಂ ಹೆಸರು ಕೊಡುವ ತಾಣ ಡಕ್‌ಡಿಎನ್ಎಸ್‌ನಲ್ಲಿ ಪುಕ್ಕಟೆ ಒಂದು ಹೆಸರು ತೆಗೆದುಕೊಂಡು, ಹೊಸ ಐಪಿಯನ್ನು ಆಗಾಗ ಅಲ್ಲಿ ಬರೆಸುವಂತೆ ಪೈಗೆ ಹೇಳಿದ್ದೇನೆ. ಆದರೆ ವೈರ್‌ಗಾರ್ಡ್ ಆ ಹೆಸರನ್ನು ಸುರಂಗ ಶುರುವಾಗುವಾಗ ಒಮ್ಮೆ ಮಾತ್ರ ವಿಚಾರಿಸುತ್ತದೆ. ಐಪಿ ಬದಲಾದರೂ ಶೆಡ್ಡಿನ ಪೈ ಹಳೆ ವಿಳಾಸಕ್ಕೇ ಕೂಗುತ್ತಾ ಕೂತಿತ್ತು. ಫೋನಿನಲ್ಲಾದರೆ ಆಫ್ ಮಾಡಿ ಆನ್ ಮಾಡಿದರೆ ಸಾಕು, ಶೆಡ್ಡಿಗೆ ಹೆಸರು ಮತ್ತೆ ವಿಚಾರಿಸುವ ಪುಟ್ಟ ಸ್ಕ್ರಿಪ್ಟ್ ಹಾಕಬೇಕಾಯಿತು. ಇನ್ನೊಂದು ಗಡಿಯಾರದ್ದು. ನಮ್ಮ ಪೈನಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟ್ ಹೋಗಿ ಬಂದರೆ ಅದು ಹಳೆ ಸಮಯದಲ್ಲೇ ಏಳುತ್ತದೆ. ಹಳೆ ಸಮಯದ ಮುದ್ರೆ ಹೊತ್ತು ಬಂದ ಕರೆಯನ್ನು ವೈರ್‌ಗಾರ್ಡ್ ನಂಬುವುದಿಲ್ಲ, ಯಾರೋ ಹಳೆ ಚೀಟಿ ಮತ್ತೆ ತೋರಿಸುತ್ತಿದ್ದಾರೆ ಅಂತ ತಳ್ಳಿಬಿಡುತ್ತದೆ. ಪೈ ಇಂಟರ್ನೆಟ್‌ನಿಂದ ಸಮಯ ಸರಿ ಮಾಡಿಕೊಂಡ ಮೇಲೆ ತಾನಾಗಿ ಸೇರುತ್ತದೆ. ಹಾಗಾಗಿ ಕರೆಂಟ್ ಬಂದ ತಕ್ಷಣ ಗಾಬರಿ ಬೇಡ, ಚಹಾ ಕುಡಿದು ನೋಡಿ.

ಎಲ್ಲಿ ಕೆಟ್ಟಿದೆ ಅಂತ ಹುಡುಕುವುದು ಇದರಲ್ಲಿ ಸ್ವಲ್ಪ ಕಷ್ಟ. ಮೌನವೇ ಇದರ ಕಾವಲು, ಆ ಮೌನ ನಮಗೂ ಅನ್ವಯಿಸುತ್ತದೆ. ಕೀಲಿ ತಪ್ಪಿದ್ದರೂ ಮೌನ, ಪೋರ್ಟ್ ತಪ್ಪಿದ್ದರೂ ಮೌನ. ಪೈನಲ್ಲಿ ಡಬ್ಲ್ಯೂಜಿ (wg) ಎಂಬ ಎರಡಕ್ಷರದ ಕಮಾಂಡ್ ಕೊಟ್ಟರೆ ಯಾವ ಸಾಧನದ ಜೊತೆ ಕೊನೆಯ ಹ್ಯಾಂಡ್‌ಶೇಕ್ (ಕೀಲಿ ನೋಡಿ ಗುರುತು ಹಿಡಿಯುವುದು) ಯಾವಾಗ ಆಯಿತು ಅಂತ ತೋರಿಸುತ್ತದೆ. ಬಳಸುತ್ತಿರುವಾಗ ಅದು ಎರಡು ನಿಮಿಷದ ಆಸುಪಾಸಿನಲ್ಲಿ ಇದ್ದರೆ ಸುರಂಗ ಸರಿ ಇದೆ, ತೊಂದರೆ ಒಳಗಿನ ದಾರಿಯಲ್ಲಿ. ಹ್ಯಾಂಡ್‌ಶೇಕ್ ಆಗೇ ಇಲ್ಲ ಅಂದರೆ ತಲಬಾಗಿಲನ್ನೇ ನೋಡಬೇಕು. ಪರೀಕ್ಷೆ ಮಾಡುವಾಗ ಮನೆಯ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲೇ ಮಾಡಿ. ಮನೆಯೊಳಗೆ ಕೂತು ಹೊರಗಿನ ಬಾಗಿಲು ತಟ್ಟಿದರೆ ಎಷ್ಟೋ ರೂಟರ್‌ಗಳಿಗೆ ಅರ್ಥವಾಗುವುದಿಲ್ಲ.

ಒಂದೇ ಕೀಲಿಕೈಯನ್ನು ಎರಡು ಫೋನಿಗೆ ಹಾಕಬೇಡಿ. ಎರಡೂ ಒಂದೇ ಹೆಸರಲ್ಲಿ ಕೂಗಿ, ಒಂದು ಇನ್ನೊಂದರ ಸಂಪರ್ಕ ಕಿತ್ತುಕೊಳ್ಳುತ್ತಿರುತ್ತವೆ. ಬೇರೆ ಬೇರೆ ಇದ್ದರೆ ಇನ್ನೊಂದು ಅನುಕೂಲ. ಕಾಕಾ ಸಂತೆಯಲ್ಲಿ ಫೋನ್ ಕಳೆದುಕೊಂಡರು. ಬೆಳಗಾವಿಯಲ್ಲಿ ಕೂತೇ ಪೈನಿಂದ ಆ ಫೋನಿನ ನಾಲ್ಕು ಸಾಲು ಅಳಿಸಿದೆ. ಉಳಿದ ಯಾರ ಕೀಲಿಕೈಯನ್ನೂ ಬದಲಿಸಬೇಕಾಗಲಿಲ್ಲ.

ಡಿವಿಆರ್‌ನ ಹಳೆ ಪೋರ್ಟ್ ಮುಚ್ಚಿದ ದಿನದಿಂದ ಅದರ ಲಾಗ್ ಖಾಲಿ ಇದೆ. ಪೈ ಮತ್ತು ರೂಟರ್ ಎರಡಕ್ಕೂ ಒಂದು ಸಣ್ಣ ಯುಪಿಎಸ್ ಕೊಟ್ಟಿದ್ದೇನೆ. ರೂಟರ್ ಪಕ್ಕದ ಗೋಡೆಗೆ ಅಪ್ಪನ ಕೈಬರಹದ ಚೀಟಿ ಅಂಟಿದೆ, ನಾನು ಫೋನಿನಲ್ಲಿ ಹೇಳಿದ್ದನ್ನು ಅವರು ಬರೆದುಕೊಂಡದ್ದು: "ಹಸರ ದೀಪ ಇಲ್ಲಂದ್ರ ಸ್ವಿಚ್ ಬಂದ್ ಮಾಡಿ ಹತ್ತು ಎಣಸಬೇಕು. ಸಣ್ಣ ಡಬ್ಬಿ ಮುಟ್ಟಬಾರದು."